ಕಥನ ಸಾಹಿತ್ಯದ ಪತ್ರಿಕೆ: ಎರಡು ಮೂರು ಕೃತಿಗಳನ್ನು ಹೋಲಿಸಿ ಬರೆಯುವ ಪ್ರಬಂಧಕ್ಕೆ ತಯಾರಿ ಹೇಗೆ?

ಹೊಸನಗರದ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಕನ್ನಡ ಎಂ.ಎ. ಓದುತ್ತಿದ್ದೇನೆ. ಮುಂದಿನ ತಿಂಗಳು ಕಥನ ಸಾಹಿತ್ಯದ ಪರೀಕ್ಷೆ ಇದೆ. ಅದರಲ್ಲಿ ಒಂದು ದೀರ್ಘ ಪ್ರಬಂಧ ಕಡ್ಡಾಯ. ಒಂದು ವಿಷಯ ಕೊಟ್ಟು, ಓದಿದ ಕೃತಿಗಳಲ್ಲಿ ಎರಡನ್ನೋ ಮೂರನ್ನೋ ಆಯ್ದು ಹೋಲಿಸಿ ವಿವೇಚಿಸಿ ಎಂದು ಕೇಳುತ್ತಾರೆ. ‘ಚೋಮನ ದುಡಿ’, ‘ಕಾನೂರು ಹೆಗ್ಗಡಿತಿ’, ‘ಬೆಟ್ಟದ ಜೀವ’, ‘ಘಟಶ್ರಾದ್ಧ’, ‘ಸಂಸ್ಕಾರ’, ‘ಮಲೆಗಳಲ್ಲಿ ಮದುಮಗಳು’, ‘ಭಾರತೀಪುರ’, ‘ಫಣಿಯಮ್ಮ’, ‘ಕರ್ವಾಲೊ’ ಇಷ್ಟನ್ನು ಓದಿದ್ದೇನೆ. ಪ್ರತಿಯೊಂದಕ್ಕೂ ಲೇಖಕರ ಪರಿಚಯ, ಕಥಾಸಾರ, ಪಾತ್ರಗಳು, ವಿಮರ್ಶಕರ ಮಾತು ಎಂದು ಬೇರೆ ಬೇರೆ ಟಿಪ್ಪಣಿ ಮಾಡಿಟ್ಟುಕೊಂಡಿದ್ದೇನೆ.

ತೊಡಕು ಬರೆಯಲು ಕುಳಿತಾಗ ಬರುತ್ತದೆ. ‘ಜಾತಿ’ ಎಂದು ತಲೆಬರಹ ಹಾಕಿದರೆ ಒಂದು ಪುಟ ಚೋಮ, ಒಂದು ಪುಟ ಪ್ರಾಣೇಶಾಚಾರ್ಯ, ಒಂದು ಪುಟ ಜಗನ್ನಾಥ ಎಂದು ಮೂರು ಕಥಾಸಾರಗಳು ಸಾಲಾಗಿ ನಿಲ್ಲುತ್ತವೆ. ಕೊನೆಯಲ್ಲಿ ‘ಹೀಗೆ ಮೂರೂ ಕೃತಿಗಳು ಜಾತಿ ವ್ಯವಸ್ಥೆಯನ್ನು ಪ್ರಶ್ನಿಸುತ್ತವೆ’ ಎಂಬ ಒಂದು ವಾಕ್ಯ. ಇದನ್ನು ಹೋಲಿಕೆ ಎನ್ನಲು ಮನಸ್ಸು ಒಪ್ಪುವುದಿಲ್ಲ. ಮನೆಯಲ್ಲಿ ಅಡಿಕೆ ಸುಲಿಯುವ ಕಾಲ, ರಾತ್ರಿ ಊಟವಾದ ಮೇಲೆ ಮಾತ್ರ ಬಿಡುವು. ಎಲ್ಲವನ್ನೂ ಮತ್ತೊಮ್ಮೆ ಮೊದಲಿನಿಂದ ಓದಲಾಗದು. ಎಲ್ಲಿಂದ ಹಿಡಿಯಲಿ?

ಸಾಗರದ ಉಪನ್ಯಾಸಕ

ಟಿಪ್ಪಣಿಗಳು ಇರಲಿ, ಅವುಗಳ ಜೋಡಣೆಯನ್ನು ಬದಲಿಸಿ. ‘ಜಾತಿ’, ‘ಸ್ತ್ರೀ’, ‘ಪ್ರಕೃತಿ’ ಎಂಬ ತಲೆಬರಹಗಳ ಕೆಳಗೆ ಕನ್ನಡದ ಯಾವ ಕಾದಂಬರಿಯನ್ನಾದರೂ ತಂದು ನಿಲ್ಲಿಸಬಹುದು. ಎಲ್ಲವೂ ಹೊಂದುತ್ತದೆ, ಆದ್ದರಿಂದಲೇ ಯಾವುದೂ ಇನ್ನೊಂದರೊಡನೆ ಮಾತಾಡುವುದಿಲ್ಲ. ತಲೆಬರಹದ ಬದಲು ಕೃತಿಗಳ ಒಳಗೆ ಕಣ್ಣಾರೆ ಕಾಣುವ ಒಂದು ಕ್ರಿಯೆಯನ್ನು ಹಿಡಿಯಿರಿ.

ಉದಾಹರಣೆಗೆ ‘ಜಾತಿ’ಯನ್ನು ಬದಿಗಿಟ್ಟು ‘ಮುಟ್ಟುವುದು’ ಎಂದು ಬರೆದುಕೊಳ್ಳಿ. ನಿಮ್ಮ ಪಟ್ಟಿಯಲ್ಲಿ ಯಾರು ಯಾರನ್ನು ಮುಟ್ಟುತ್ತಾರೆ, ಯಾರು ಮುಟ್ಟದೆ ನಿಲ್ಲುತ್ತಾರೆ ಎಂದು ನೋಡುತ್ತಾ ಹೋಗಿ. 1933ರ ‘ಚೋಮನ ದುಡಿ’ಯಲ್ಲಿ ಅಸ್ಪೃಶ್ಯನಾದ ಚೋಮನ ಮಗ ನೀಲ ನೀರಿನಲ್ಲಿ ಮುಳುಗುವಾಗ ಅವನನ್ನು ಎತ್ತುವ ಕೈಗಳನ್ನು ಮೈಲಿಗೆ ತಡೆಯುತ್ತದೆ. 1965ರ ‘ಸಂಸ್ಕಾರ’ದಲ್ಲಿ ಶಿವಮೊಗ್ಗಕ್ಕೆ ಹೋಗಿ ಜ್ವರ ಹೊತ್ತು ಬಂದು ಸತ್ತ, ಬ್ರಾಹ್ಮಣ್ಯವನ್ನು ಮೀರಿ ಬದುಕಿದ್ದ ನಾರಣಪ್ಪನ ಹೆಣವನ್ನು ಮುಟ್ಟಲು ಅಗ್ರಹಾರ ಒಪ್ಪುವುದಿಲ್ಲ, ಶಾಸ್ತ್ರದಲ್ಲೂ ಉತ್ತರವಿಲ್ಲ, ಮಾರುತಿಯ ಗುಡಿಯಲ್ಲೂ ಉತ್ತರವಿಲ್ಲ, ಅಲ್ಲಿಂದ ಹಿಂದಿರುಗುವ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರಿಗೆ ಕತ್ತಲೆಯ ಕಾಡಿನಲ್ಲಿ, ನಾರಣಪ್ಪನೊಂದಿಗೆ ಬಾಳುತ್ತಿದ್ದ ಕೆಳಜಾತಿಯ ಚಂದ್ರಿಯ ಸ್ಪರ್ಶವಾಗುತ್ತದೆ. 1973ರ ‘ಭಾರತೀಪುರ’ದಲ್ಲಿ ಇಂಗ್ಲೆಂಡಿನಿಂದ ಮರಳಿದ ಜಗನ್ನಾಥ ಮನೆಯ ಸಾಲಿಗ್ರಾಮವನ್ನು ಅಂಗಳಕ್ಕೆ ತಂದು ಹೊಲೆಯರ ಹುಡುಗರ ಮುಂದೆ ಹಿಡಿಯುತ್ತಾನೆ. 1976ರ ‘ಫಣಿಯಮ್ಮ’ದಲ್ಲಿ ಜೀವಮಾನವೆಲ್ಲ ಮಡಿಯಲ್ಲಿ ಕಳೆದ ಮುದುಕಿ, ಮಗು ಅಡ್ಡಲಾಗಿ ಸಿಕ್ಕಿಕೊಂಡ ಕೇರಿಯ ಹೆಣ್ಣಿನ ಹೆರಿಗೆಗೆ ತನ್ನ ಸಣ್ಣ ಕೈಯನ್ನು ಕೊಡುತ್ತಾಳೆ.

ಈಗ ವ್ಯತ್ಯಾಸಗಳು ತಾವಾಗಿಯೇ ಮೇಲೆ ಬರುತ್ತವೆ. ಪ್ರಾಣೇಶಾಚಾರ್ಯರ ಸ್ಪರ್ಶ ಅವರು ನಿರ್ಧರಿಸಿದ್ದಲ್ಲ, ಅದು ಅವರಿಗೆ ಆಗಿಹೋದದ್ದು. ಉಳಿದ ಕಾದಂಬರಿಯೆಲ್ಲ ಅದಕ್ಕೆ ತಾನು ಹೊಣೆಯೇ ಅಲ್ಲವೇ ಎಂಬ ತಳಮಳ. ಜಗನ್ನಾಥನದು ತಿಂಗಳುಗಟ್ಟಲೆ ಯೋಚಿಸಿ ಇಟ್ಟ ಹೆಜ್ಜೆ. ಹುಡುಗರು ಹೆದರಿ ಹಿಂಜರಿದಾಗ ಅವನಿಗೆ ಸಿಟ್ಟು ಬರುತ್ತದೆ, ‘ಮುಟ್ಟಿ’ ಎಂದು ಗದರುತ್ತಾನೆ, ಅವರು ನಡುಗುತ್ತಾ ಮುಟ್ಟುತ್ತಾರೆ. ಬಿಡುಗಡೆ ಕೊಡಬೇಕಾಗಿದ್ದ ಸ್ಪರ್ಶ ಆಜ್ಞೆಯಾಯಿತು. ಫಣಿಯಮ್ಮನಿಗೆ ಸಿದ್ಧಾಂತವೂ ಇಲ್ಲ, ತಳಮಳವೂ ಇಲ್ಲ. ಒಂದು ಜೀವ ಹೋಗುತ್ತಿದೆ, ಕೈ ಬೇಕು, ಕೊಟ್ಟಳು. ಸುಧಾರಕ ಸೋತಲ್ಲಿ ಸಂಪ್ರದಾಯದ ಹೆಣ್ಣು ಹೇಗೆ ಗೆದ್ದಳು ಎಂದು ಕೇಳಿದ ತಕ್ಷಣ ನಿಮ್ಮ ಪ್ರಬಂಧಕ್ಕೆ ಬೆನ್ನೆಲುಬು ಸಿಕ್ಕಿತು. ಇಲ್ಲಿ ಯಾವ ಕಥಾಸಾರವೂ ಬೇಕಾಗಲಿಲ್ಲ ಎಂಬುದನ್ನು ಗಮನಿಸಿ.

ಭದ್ರಾವತಿಯ ಓದುಗ

ಉಪನ್ಯಾಸಕರ ಮಾತು ಚೆನ್ನಾಗಿದೆ, ಆದರೆ ‘ಗೆದ್ದಳು’ ಎಂಬುದನ್ನು ನಾನು ಒಪ್ಪುವುದಿಲ್ಲ. ಫಣಿಯಮ್ಮ ಹೆರಿಗೆ ಮಾಡಿಸಿ ಬಂದು ಮತ್ತೆ ತನ್ನ ಮಡಿಯ ಬದುಕಿಗೇ ಮರಳುತ್ತಾಳೆ. ಕೇರಿ ಕೇರಿಯಾಗಿಯೇ ಉಳಿಯುತ್ತದೆ, ಅಗ್ರಹಾರ ಅಗ್ರಹಾರವಾಗಿಯೇ. ಜಗನ್ನಾಥ ಒರಟಾಗಿ ನಡೆದುಕೊಂಡ ಎಂಬುದು ನಿಜ. ಆದರೂ ಅವನು ಊರಿನ ಬುಡಕ್ಕೇ ಕೈ ಹಾಕುತ್ತಾನೆ. ದೇವಸ್ಥಾನದ ಮೇಲೆ ನಿಂತ ಇಡೀ ಊರಿನ ವ್ಯಾಪಾರ, ಅಧಿಕಾರ, ಭಯ ಎಲ್ಲವೂ ಅಲ್ಲಿ ಅಲುಗುತ್ತವೆ. ಒಬ್ಬಳ ಕರುಣೆಯನ್ನು ಒಬ್ಬನ ರಾಜಕೀಯದ ಎದುರು ಇಟ್ಟು ಕರುಣೆಗೆ ಅಂಕ ಕೊಡುವುದು ಸುಲಭ. ಹಾಗೆ ಮಾಡಿದರೆ ತುಂಡು ನೆಲಕ್ಕಾಗಿ ಹಂಬಲಿಸಿದ ಚೋಮನಿಗೆ ಭೂಮಿ ಕೊಡುವವರು ಯಾರು?

ಸಾಗರದ ಉಪನ್ಯಾಸಕ

ಹೊಸನಗರದವರೇ, ಈ ಆಕ್ಷೇಪವನ್ನು ಹಾಗೆಯೇ ಬರೆದಿಟ್ಟುಕೊಳ್ಳಿ. ನಿಮ್ಮ ಪ್ರಬಂಧದ ಎರಡನೆಯ ಭಾಗ ಇದೇ. ಮೊದಲ ಭಾಗದಲ್ಲಿ ಒಂದು ಮಾತನ್ನು ಸ್ಥಾಪಿಸಿ, ಎರಡನೆಯದರಲ್ಲಿ ಅದಕ್ಕೆ ಎದುರು ನಿಲ್ಲುವ ಪುರಾವೆಯನ್ನು ಕೃತಿಯೊಳಗಿಂದಲೇ ತರಬೇಕು. ಅಂಕ ಹೋಗುವುದು ಬಹುಮಟ್ಟಿಗೆ ಇಲ್ಲಿಯೇ. ಮೊದಲ ಮಾತನ್ನೇ ಐದು ಪುಟ ಉಜ್ಜುವವರು ಬಹಳ.

ಭದ್ರಾವತಿಯವರ ಪ್ರಶ್ನೆಗೆ ನನ್ನ ಉತ್ತರ: ಚೋಮನನ್ನು ಈ ಹೋಲಿಕೆಗೆ ತರಲೇಬೇಕಾದದ್ದು ಆ ಕಾರಣಕ್ಕೇ. ಸ್ಪರ್ಶದ ಪ್ರಶ್ನೆ ನೆಲದ ಪ್ರಶ್ನೆಯೂ ಹೌದು ಎಂದು ಹೇಳುವ ಕೃತಿ ಅದೊಂದೇ. ಉಳಿದ ಮೂರರಲ್ಲೂ ಮುಟ್ಟುವವನ ಮನಸ್ಸಿನೊಳಗೆ ನಾವು ನಿಂತಿರುತ್ತೇವೆ. ‘ಚೋಮನ ದುಡಿ’ಯಲ್ಲಿ ಮಾತ್ರ ಯಾರ ಕೈಯೂ ತಲುಪದ ಮನೆಯೊಳಗೆ ಇರುತ್ತೇವೆ.

ಶಿವಮೊಗ್ಗದ ಸಂಶೋಧನಾ ವಿದ್ಯಾರ್ಥಿನಿ

ಸ್ತ್ರೀ ಸಂಬಂಧಿ ಪ್ರಶ್ನೆ ಬಂದರೆ ಏನು ಮಾಡುವಿರಿ ಎಂಬುದನ್ನೂ ಈಗಲೇ ಯೋಚಿಸಿಡಿ. ಇಲ್ಲಿಯೂ ‘ಸ್ತ್ರೀ ಶೋಷಣೆ’ ಎಂದು ಶುರುಮಾಡಿದರೆ ಕಣ್ಣೀರಿನ ಪಟ್ಟಿ ಬೆಳೆಯುತ್ತದೆ. ನಾನು ಒಂದು ಪ್ರಶ್ನೆಯಾಗಿ ಬರೆದುಕೊಳ್ಳುತ್ತೇನೆ: ಗಂಡ ಸತ್ತ ಹೆಣ್ಣಿನ ದೇಹ ಯಾರ ವಶದಲ್ಲಿದೆ?

‘ಸಂಸ್ಕಾರ’ ಮತ್ತು ‘ಘಟಶ್ರಾದ್ಧ’ ಎರಡೂ ಅನಂತಮೂರ್ತಿಯವರವೇ. ಎರಡನ್ನೂ ಪಕ್ಕದಲ್ಲಿ ಇಟ್ಟು ನೋಡಿ. ಒಂದರಲ್ಲಿ ಸತ್ತವನಿಗೆ ಸಂಸ್ಕಾರ ಸಿಗುವುದಿಲ್ಲ. ಇನ್ನೊಂದರಲ್ಲಿ ಬಸಿರಾದ ಎಳೆಯ ವಿಧವೆ ಯಮುನಕ್ಕ ಬದುಕಿರುವಾಗಲೇ ಹೆತ್ತ ತಂದೆ ಅವಳ ಶ್ರಾದ್ಧ ಮಾಡುತ್ತಾನೆ. ಶಾಸ್ತ್ರ ಒಂದೇ. ಗಂಡಸು ಅದನ್ನು ಮೀರಿ ಬದುಕಿದರೆ ಹೆಣವಾದ ಮೇಲೂ ಬ್ರಾಹ್ಮಣ ಹೌದೋ ಅಲ್ಲವೋ ಎಂಬ ಚರ್ಚೆ ನಡೆಯುತ್ತದೆ. ಹೆಣ್ಣು ಮೀರಿದರೆ ಚರ್ಚೆಯೇ ಇಲ್ಲ, ಬದುಕಿದ್ದವಳೇ ಹೆಣ. ಅಗ್ರಹಾರದ ಗಂಡಸರೆಲ್ಲ ಸೇರಿ ನಾರಣಪ್ಪನಿಗಾಗಿ ತಲೆಕೆಡಿಸಿಕೊಂಡಷ್ಟು ಯಮುನಕ್ಕನಿಗಾಗಿ ತಲೆಕೆಡಿಸಿಕೊಳ್ಳುವವರು ಯಾರು? ಅವಳನ್ನು ಅಕ್ಕ ಎಂದು ಕರೆಯುವ ಪುಟ್ಟ ಹುಡುಗ ನಾಣಿ ಒಬ್ಬನೇ.

ಇದರ ಜೊತೆಗೆ ಕಾನೂರಿನ ಸುಬ್ಬಮ್ಮನನ್ನು ತನ್ನಿ. ಅವಳೂ ವಿಧವೆಯಾದ ಮೇಲೆ ಬಸಿರಾಗುತ್ತಾಳೆ, ಅದನ್ನು ಕಳೆದುಕೊಳ್ಳಲು ಹೋಗಿ ಪ್ರಾಣ ಬಿಡುತ್ತಾಳೆ. ಆದರೆ ಅವಳು ಅಗ್ರಹಾರದವಳಲ್ಲ, ಒಕ್ಕಲು ಮನೆತನದ ಹೆಗ್ಗಡಿತಿ. ಕೈಯಲ್ಲಿ ಅಷ್ಟಿಷ್ಟು ಯಜಮಾನಿಕೆಯೂ ಇತ್ತು. ಯಜಮಾನಿಕೆ ಇದ್ದವಳನ್ನೂ ಅದೇ ಗುಂಡಿ ಕಾದಿತ್ತು ಎಂಬುದು ಕುವೆಂಪು ಅವರ ಕಾಣ್ಕೆ. ಫಣಿಯಮ್ಮನಲ್ಲಿ ಹಾದಿಯೇ ಬೇರೆ. ಬಾಲ್ಯದಲ್ಲೇ ಗಂಡ ಹಾವು ಕಚ್ಚಿ ಸತ್ತ. ತಲೆ ಬೋಳಿಸಿಕೊಂಡು, ಒಪ್ಪೊತ್ತು ಉಂಡು, ಮನೆಮಂದಿಯ ಬಾಣಂತನಗಳನ್ನು ಮಾಡುತ್ತಾ ಮುಪ್ಪಾದಳು. ಅವಳು ತನಗಾಗಿ ಏನನ್ನೂ ಕೇಳಲಿಲ್ಲ. ಆದರೆ ಮುಂದಿನ ಪೀಳಿಗೆಯ ದಾಕ್ಷಾಯಣಿ ‘ತಲೆ ಬೋಳಿಸಿಕೊಳ್ಳುವುದಿಲ್ಲ’ ಎಂದು ನಿಂತಾಗ ಫಣಿಯಮ್ಮ ಅವಳ ಪರ ನಿಲ್ಲುತ್ತಾಳೆ. ಭದ್ರಾವತಿಯವರು ಹೇಳಿದ ‘ಏನೂ ಬದಲಾಗಲಿಲ್ಲ’ ಎಂಬ ಮಾತಿಗೆ ಈ ದೃಶ್ಯ ಎದುರಾಡುತ್ತದೆ. ತಾನು ಹೊತ್ತ ಕಟ್ಟಳೆಯನ್ನು ಮುಂದಿನವಳಿಗೆ ದಾಟಿಸದಿರುವುದು ಸಣ್ಣ ಬದಲಾವಣೆಯಲ್ಲ. ನನ್ನ ಮಟ್ಟಿಗೆ ಇಡೀ ಕಾದಂಬರಿಯ ಅತ್ಯಂತ ಬಿಸಿಯಾದ ಪುಟಗಳು ಅವು.

‘ಘಟಶ್ರಾದ್ಧ’ ನೀಳ್ಗತೆ, ಉಳಿದವು ಕಾದಂಬರಿ. ಪ್ರಕಾರ ಬೇರೆ ಎಂದು ಅಂಜಬೇಡಿ. ಪ್ರಶ್ನೆಯಲ್ಲಿ ‘ಕೃತಿಗಳು’ ಎಂದಿದ್ದರೆ ಧಾರಾಳವಾಗಿ ಬಳಸಬಹುದು.

ತೀರ್ಥಹಳ್ಳಿಯ ನಿವೃತ್ತ ಅಧ್ಯಾಪಕರು

ಇಲ್ಲಿಯವರೆಗಿನ ಮಾತುಗಳನ್ನು ಓದಿದೆ. ಮೂವರೂ ಚೆನ್ನಾಗಿ ಓದಿಕೊಂಡವರು. ಆದರೂ ನನಗೆ ಒಂದು ಕಳವಳ ಇದೆ, ಅದನ್ನು ಹೇಳದೆ ಇರಲಾರೆ.

ನೀವು ಎಲ್ಲರೂ ಘಟನೆಗಳನ್ನು ಹೋಲಿಸುತ್ತಿದ್ದೀರಿ. ಯಾರು ಮುಟ್ಟಿದರು, ಯಾರು ಸತ್ತರು, ಯಾರು ನಿಂತರು ಎಂದು. ಕಾದಂಬರಿ ಘಟನೆಗಳ ಮೂಟೆಯಲ್ಲ. ಅದೇ ಘಟನೆಯನ್ನು ಯಾರ ಬಾಯಿಂದ ಕೇಳುತ್ತಿದ್ದೇವೆ ಎಂಬುದನ್ನು ಬಿಟ್ಟರೆ ಕೃತಿಗಳು ಸಾಕ್ಷಿ ಹೇಳಲು ಬಂದವರಂತೆ ಕಟಕಟೆಯಲ್ಲಿ ನಿಲ್ಲುತ್ತವೆ. ಯಮುನಕ್ಕನ ಕಥೆಯನ್ನು ಹೇಳುವವನು ನಾಣಿ. ಅವನಿಗೆ ಅರ್ಧ ಅರ್ಥವಾಗುತ್ತದೆ, ಅರ್ಧ ಅರ್ಥವಾಗುವುದಿಲ್ಲ, ಎಲ್ಲವೂ ಹೆದರಿಕೆಯಾಗಿ ಮೈಗೆ ಇಳಿಯುತ್ತದೆ. ಆ ಅರ್ಧ ತಿಳಿವಳಿಕೆಯ ಮೂಲಕವೇ ಓದುಗನಿಗೆ ಇಡೀ ಅನ್ಯಾಯ ಕಾಣುತ್ತದೆ. ಫಣಿಯಮ್ಮನ ಕಥೆ ಬಂದ ದಾರಿ ಬೇರೆ. ಫಣಿಯಮ್ಮ ತಮ್ಮ ತಾಯಿಗೆ ಹೇಳಿದ್ದು, ತಾಯಿ ತಮಗೆ ಹೇಳಿದ್ದು ಎಂದು ಎಂ.ಕೆ. ಇಂದಿರಾ ಅದನ್ನು ಬರೆಯುತ್ತಾರೆ. ಹೆಂಗಸರು ಅಡುಗೆಮನೆಯಲ್ಲಿ, ಬಾಣಂತಿ ಕೋಣೆಯಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡು ಬಂದ ಧಾಟಿ ಅದರ ವಾಕ್ಯಗಳಲ್ಲೇ ಇದೆ. ಅವಸರವಿಲ್ಲ, ನಡುವೆ ಹಬ್ಬ, ಅಡುಗೆ, ಮಡಿಬಟ್ಟೆ ಎಲ್ಲವೂ ಬರುತ್ತವೆ. ಹುಡುಗನ ಕಣ್ಣಿನ ವಿಧವೆ, ಹೆಂಗಸರ ನಾಲಗೆಯ ವಿಧವೆ: ಈ ವ್ಯತ್ಯಾಸವನ್ನು ಬರೆದವನಿಗೆ ನಾನಾದರೆ ಕಣ್ಣುಮುಚ್ಚಿ ಹೆಚ್ಚು ಅಂಕ ಕೊಡುತ್ತೇನೆ.

ಮತ್ತೆ ‘ಮಲೆಗಳಲ್ಲಿ ಮದುಮಗಳು’. ಅದನ್ನು ನೀವು ಯಾರೂ ಹತ್ತಿರ ಸೇರಿಸಲಿಲ್ಲ, ಏಕೆಂದರೆ ಅದು ಯಾವ ಒಂದು ವಿಷಯಕ್ಕೂ ಬಗ್ಗುವುದಿಲ್ಲ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಕುವೆಂಪು ಆರಂಭದಲ್ಲೇ ಸಾರಿದ್ದಾರೆ. ಆ ಮಾತನ್ನು ಪ್ರಬಂಧದ ಅಲಂಕಾರಕ್ಕೆ ಬಳಸಿಕೊಳ್ಳುವವರು ನೂರು ಜನ. ಅದು ಕಾದಂಬರಿಯ ಕಟ್ಟಡವನ್ನೇ ಹೇಗೆ ಬದಲಿಸಿತು ಎಂದು ತೋರಿಸುವವರು ಕಡಿಮೆ. 1936ರ ‘ಕಾನೂರು ಹೆಗ್ಗಡಿತಿ’ಯಲ್ಲಿ ಹೂವಯ್ಯ ಇದ್ದಾನೆ. ಮೈಸೂರಿನಲ್ಲಿ ಓದಿದವನು, ಊರಿನ ಕತ್ತಲೆಯನ್ನು ಅಳೆಯುವ ದೀಪ ಅವನ ಕೈಯಲ್ಲೇ ಇದೆ. 1967ರ ‘ಮದುಮಗಳು’ ಬರುವ ಹೊತ್ತಿಗೆ ಆ ದೀಪ ಹಿಡಿದವನೇ ಇಲ್ಲ. ಮದುವೆಯ ಮುನ್ನಾದಿನದ ರಾತ್ರಿ ಮನೆ ಬಿಟ್ಟು ಕಾಡಿನ ಹಾದಿ ಹಿಡಿಯುವ ಚಿನ್ನಮ್ಮನಿಗೆ ಯಾವ ಹೂವಯ್ಯನೂ ಉಪದೇಶ ಮಾಡಿರಲಿಲ್ಲ. ಜೀತದ ಗುತ್ತಿ, ಅವನ ತಿಮ್ಮಿ, ಅವನ ನಾಯಿ ಹುಲಿಯ ಎಲ್ಲರಿಗೂ ಒಂದೇ ಅಳತೆಯ ಜಾಗ. ಒಬ್ಬನೇ ಲೇಖಕ, 31 ವರ್ಷಗಳ ಅಂತರ, ಅದೇ ಮಲೆನಾಡು. ಇಬ್ಬರು ಲೇಖಕರನ್ನು ಹೋಲಿಸುವುದಕ್ಕಿಂತ ಒಬ್ಬನೇ ಲೇಖಕ ತನ್ನನ್ನು ತಾನು ಹೇಗೆ ತಿದ್ದಿಕೊಂಡ ಎಂದು ನೋಡುವುದು ನನಗೆ ಹೆಚ್ಚು ರುಚಿಸುತ್ತದೆ.

ಸಾಗರದ ಉಪನ್ಯಾಸಕ

ನಿರೂಪಣೆಯ ಮಾತು ನೂರಕ್ಕೆ ನೂರು ಒಪ್ಪಿದೆ. ಆದರೆ ‘ಮದುಮಗಳು’ ಯಾವ ವಿಷಯಕ್ಕೂ ಬಗ್ಗುವುದಿಲ್ಲ ಎಂದು ಅದನ್ನು ಹೋಲಿಕೆಯಿಂದಲೇ ಹೊರಗಿಟ್ಟು ಪೂಜಿಸುವುದು ಬೇಡ. ಚಿನ್ನಮ್ಮ ಮನೆಯಿಂದ ಹೊರಬೀಳುವ ರಾತ್ರಿಯನ್ನು ಯಮುನಕ್ಕ ಊರಿನಿಂದ ಹೊರಬೀಳುವ ಹೊತ್ತಿನೊಡನೆ ಇಟ್ಟು ನೋಡಿ. ಒಬ್ಬಳು ತಾನಾಗಿ ದಾಟುತ್ತಾಳೆ, ಇನ್ನೊಬ್ಬಳನ್ನು ದಾಟಿಸುತ್ತಾರೆ. ಒಬ್ಬಳಿಗೆ ಕಾಡು ಆಸರೆ, ಇನ್ನೊಬ್ಬಳಿಗೆ ಹೊಸ್ತಿಲಿನ ಆಚೆ ಏನೂ ಇಲ್ಲ. ಆ ಕಾಡನ್ನು ಬಲ್ಲ ಪೀಂಚಲು, ಐತ ಚಿನ್ನಮ್ಮನಿಗೆ ಇದ್ದರು. ಯಮುನಕ್ಕನ ಅಗ್ರಹಾರದ ಸುತ್ತಲೂ ಕಾಡೇ ಇದ್ದರೂ ಅದರೊಳಗೆ ಅವಳಿಗೆ ಒಬ್ಬರೂ ಇಲ್ಲ.

ತುಮರಿ ಕಡೆಯವಳು

ಕಾಡಿನ ಮಾತು ಬಂದದ್ದರಿಂದ ನಾನೂ ಸೇರಿಕೊಳ್ಳುತ್ತೇನೆ. ನಾನು ಪರೀಕ್ಷೆ ಬರೆಯುವವಳಲ್ಲ, ಓದುವವಳು. ನಮ್ಮ ಅಜ್ಜನ ಕಾಲದ ಮನೆ, ತೋಟ ಶರಾವತಿಯ ಹಿನ್ನೀರಿನ ಕೆಳಗಿವೆ.

‘ಪ್ರಕೃತಿ’ ಎಂಬ ವಿಷಯ ಬಂದರೆ ದಯವಿಟ್ಟು ‘ಮಲೆನಾಡಿನ ರಮಣೀಯ ಸೌಂದರ್ಯ’ ಎಂದು ಶುರುಮಾಡಬೇಡಿ. ನಿಮ್ಮ ಪಟ್ಟಿಗೆ ನಾ. ಡಿಸೋಜ ಅವರ ‘ದ್ವೀಪ’ವನ್ನು ಸೇರಿಸಿಕೊಳ್ಳಿ, ಚಿಕ್ಕ ಪುಸ್ತಕ, ಒಂದು ರಾತ್ರಿಗೆ ಮುಗಿಯುತ್ತದೆ. ಅವರು ಲೋಕೋಪಯೋಗಿ ಇಲಾಖೆಯಲ್ಲಿದ್ದವರು, ಶರಾವತಿ ಯೋಜನೆಯ ಕೆಲಸವನ್ನು ಹತ್ತಿರದಿಂದ ಕಂಡವರು. ಅಣೆಕಟ್ಟಿನ ನೀರು ಏರುತ್ತಾ ಬರುವಾಗ ಊರು ಬಿಡದೆ ಗುಡ್ಡದ ಮೇಲೆ ಉಳಿದ ಒಂದು ಮನೆಯ ಕಥೆ ಅದು. ನೀರು ಹೊಲ ದಾಟಿತು, ದಾರಿ ಮುಚ್ಚಿತು, ಸುತ್ತುವರಿಯಿತು. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ್ದು 1964ರಲ್ಲಿ. ಅದಕ್ಕೂ ಮೊದಲು ಮಡೆನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೇ ಈ ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಅದರ ಸೈಫನ್‌ಗಳು, ಎಂದರೆ ಹೆಚ್ಚಾದ ನೀರನ್ನು ಹೊರಹಾಕುತ್ತಿದ್ದ ಕೊಳವೆಗಳು, ಇಂದಿಗೂ ಎದ್ದು ಕಾಣುತ್ತವೆ. 2025ರಲ್ಲಿ ಸೇತುವೆ ಆಗುವ ತನಕ ನಮ್ಮ ಕಡೆಯವರು ಸಾಗರಕ್ಕೆ ಹೋಗಲು ಲಾಂಚಿಗೇ ಕಾಯಬೇಕಿತ್ತು. ಮುಳುಗಡೆಯಾದವರಲ್ಲಿ ಎಷ್ಟೋ ಕುಟುಂಬಗಳಿಗೆ ಭೂಮಿಯ ಹಕ್ಕುಪತ್ರದ ಅಲೆದಾಟ ಇನ್ನೂ ಮುಗಿದಿಲ್ಲ.

ಈಗ ಕಾರಂತರ ‘ಬೆಟ್ಟದ ಜೀವ’ದ ಗೋಪಾಲಯ್ಯನವರನ್ನು ನೆನೆಯಿರಿ. ಅದು ಘಟ್ಟದ ಕೆಳಗೆ, ಸುಬ್ರಹ್ಮಣ್ಯದ ಆಸುಪಾಸಿನ ಕಾಡು, ಬರೆದದ್ದು 1943ರಲ್ಲಿ. ಕಾಡು ಕಡಿದು, ಆನೆ ಹುಲಿಗಳ ನಡುವೆ ತೋಟ ಎಬ್ಬಿಸಿದ ಮುದುಕ. ಅವರ ದುಃಖ ಕಾಡಿನದಲ್ಲ, ಮನೆ ಬಿಟ್ಟು ಹೋದ ಮಗನದು. ತೋಟ ಇದೆ, ಅದನ್ನು ಮುಂದೆ ನೋಡುವವರು ಇಲ್ಲ. ‘ದ್ವೀಪ’ದಲ್ಲಿ ತಿರುವುಮುರುವು: ನೋಡುವವರು ಇದ್ದಾರೆ, ತೋಟವೇ ಇಲ್ಲವಾಗುತ್ತದೆ. ಇವುಗಳ ಜೊತೆಗೆ ತೇಜಸ್ವಿಯವರ 1980ರ ‘ಕರ್ವಾಲೊ’. ಅಲ್ಲಿ ಕಾಡಿನಿಂದ ಯಾರೂ ತೋಟವನ್ನೂ ಕೇಳುವುದಿಲ್ಲ, ವಿದ್ಯುತ್ತನ್ನೂ ಕೇಳುವುದಿಲ್ಲ. ಒಂದು ಹಾರುವ ಓತಿಯನ್ನು ಕಣ್ಣಾರೆ ಕಾಣಬೇಕು ಎಂದಷ್ಟೇ ಹೊರಡುತ್ತಾರೆ. ದೊಡ್ಡ ವಿಜ್ಞಾನಿಗೆ ದಾರಿ ತೋರಿಸುವವನು ಜೇನು ಹುಡುಕುವ ಮಂದಣ್ಣ. ಕೊನೆಯಲ್ಲಿ ಆ ಓತಿ ಯಾರ ಕೈಗೂ ಸಿಗದೆ ಕಣಿವೆಗೆ ಹಾರಿಬಿಡುತ್ತದೆ. ಕಾಡಿನಿಂದ ಮನುಷ್ಯನಿಗೆ ಏನು ಬೇಕು ಎಂಬ ಒಂದೇ ಪ್ರಶ್ನೆಗೆ ಮೂವರು ಮೂರು ಉತ್ತರ ಕೊಟ್ಟಿದ್ದಾರೆ. ಗೋಪಾಲಯ್ಯನವರ ಛಲವನ್ನು ಹೊಗಳಿ ಅಣೆಕಟ್ಟನ್ನು ತೆಗಳುವುದು ಸುಲಭ, ಆದರೆ ಗೋಪಾಲಯ್ಯನವರೂ ಕಾಡು ಕಡಿದವರೇ. ಇದನ್ನು ಎದುರಿಸಿ ಬರೆದರೆ ಪ್ರಬಂಧಕ್ಕೆ ಜೀವ ಬರುತ್ತದೆ.

ಒಂದು ಮಾತು: ‘ದ್ವೀಪ’ವನ್ನು ಸಿನಿಮಾ ನೋಡಿ ಬರೆಯಬೇಡಿ. ಗಿರೀಶ ಕಾಸರವಳ್ಳಿಯವರ 2002ರ ಚಿತ್ರ ತನ್ನದೇ ದಾರಿಯಲ್ಲಿ ಮುಗಿಯುತ್ತದೆ. 1977ರ ‘ಘಟಶ್ರಾದ್ಧ’ ಚಿತ್ರಕ್ಕೂ ಇದೇ ಎಚ್ಚರ ಬೇಕು.

ಶಿವಮೊಗ್ಗದ ಸಂಶೋಧನಾ ವಿದ್ಯಾರ್ಥಿನಿ

ತುಮರಿಯವರ ಮಾತನ್ನು ಓದಿ ಕುಳಿತಲ್ಲೇ ಕುಳಿತೆ. ‘ಗೋಪಾಲಯ್ಯನವರೂ ಕಾಡು ಕಡಿದವರೇ’ ಎಂಬುದನ್ನು ಇಷ್ಟು ನೇರವಾಗಿ ಯಾವ ತರಗತಿಯಲ್ಲೂ ಕೇಳಿರಲಿಲ್ಲ.

ಹೊಸನಗರದ ವಿದ್ಯಾರ್ಥಿನಿ

ಎಲ್ಲರಿಗೂ ಹೇಗೆ ಕೃತಜ್ಞತೆ ಹೇಳಲಿ? ನಿನ್ನೆ ರಾತ್ರಿ ‘ಮುಟ್ಟುವುದು’ ಎಂಬುದನ್ನೇ ಹಿಡಿದು ಮೊದಲ ಪ್ಯಾರಾ ಬರೆದೆ. ತಿದ್ದಿ ಕೊಡಿ:

“ಕನ್ನಡ ಕಾದಂಬರಿ ಲೋಕದಲ್ಲಿ ಜಾತಿ ವ್ಯವಸ್ಥೆಯ ವಿಮರ್ಶೆ ಬಹಳ ಹಿಂದಿನಿಂದಲೂ ನಡೆದುಬಂದಿದೆ. ಕಾರಂತ, ಅನಂತಮೂರ್ತಿ, ಎಂ.ಕೆ. ಇಂದಿರಾ ಮುಂತಾದ ಶ್ರೇಷ್ಠ ಲೇಖಕರು ಸ್ಪರ್ಶ ಮತ್ತು ಅಸ್ಪೃಶ್ಯತೆಯ ಸಮಸ್ಯೆಯನ್ನು ತಮ್ಮದೇ ಆದ ರೀತಿಯಲ್ಲಿ ಚಿತ್ರಿಸಿದ್ದಾರೆ. ‘ಭಾರತೀಪುರ’ದಲ್ಲಿ ಜಗನ್ನಾಥನು ಸಾಲಿಗ್ರಾಮವನ್ನು ಮುಟ್ಟಿಸುವ ಮೂಲಕ ಸಮಾಜವನ್ನು ಬದಲಿಸಲು ಪ್ರಯತ್ನಿಸುತ್ತಾನೆ. ಅದೇ ರೀತಿ ಫಣಿಯಮ್ಮನೂ ಸಹ ಹೆರಿಗೆ ಮಾಡಿಸುವ ಮೂಲಕ ಮಾನವೀಯತೆಯನ್ನು ಮೆರೆಯುತ್ತಾಳೆ.”

ತೀರ್ಥಹಳ್ಳಿಯ ನಿವೃತ್ತ ಅಧ್ಯಾಪಕರು

ಮೊದಲ ಎರಡು ವಾಕ್ಯಗಳನ್ನು ಪೂರ್ತಿ ಹೊಡೆದುಹಾಕಿ. ಅವು ಯಾವ ಪ್ರಬಂಧಕ್ಕೂ ಸಲ್ಲುವ ವಾಕ್ಯಗಳು, ಆದ್ದರಿಂದ ನಿಮ್ಮ ಪ್ರಬಂಧಕ್ಕೆ ಸಲ್ಲುವುದಿಲ್ಲ. ‘ಶ್ರೇಷ್ಠ’, ‘ತಮ್ಮದೇ ಆದ ರೀತಿಯಲ್ಲಿ’ ಎಂಬಲ್ಲಿ ಬರೆಯುವ ಕೈ ಇನ್ನೂ ಯೋಚನೆ ಶುರುಮಾಡಿಲ್ಲ. ‘ಅದೇ ರೀತಿ’ ಎಂಬುದೇ ಇಡೀ ಪ್ಯಾರಾವನ್ನು ಕೆಡಿಸಿದೆ. ಅದೇ ರೀತಿ ಅಲ್ಲವಲ್ಲ! ಜಗನ್ನಾಥ ಕರೆದು ಮುಟ್ಟಿಸಿದ, ಫಣಿಯಮ್ಮ ಕರೆದಲ್ಲಿಗೆ ಹೋಗಿ ಮುಟ್ಟಿದಳು. ‘ಅದೇ ರೀತಿ’ ಬರೆಯಬೇಕು ಅನಿಸಿದಲ್ಲೆಲ್ಲ ‘ಆದರೆ’ ಎಂದು ಬರೆದು ನೋಡಿ. ವಾಕ್ಯ ಮುಂದುವರಿದರೆ ನಿಮಗೆ ಹೇಳಲು ಏನೋ ಇದೆ ಎಂದರ್ಥ.

ದೃಶ್ಯದಿಂದಲೇ ಒಳಗೆ ಹೋಗಿ. ಸಾಲಿಗ್ರಾಮ ಎಲ್ಲಿತ್ತು, ಎಲ್ಲಿಗೆ ಬಂತು? ದೇವರ ಕೋಣೆಯಿಂದ ಅಂಗಳಕ್ಕೆ. ಅಷ್ಟು ಸಾಕು ಮೊದಲ ವಾಕ್ಯಕ್ಕೆ.

ಸಾಗರದ ಉಪನ್ಯಾಸಕ

ಸಮಯದ ಬಗ್ಗೆ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಎಲ್ಲವನ್ನೂ ಮತ್ತೆ ಓದಬೇಕಾಗಿಲ್ಲ. ಪ್ರತಿ ಕೃತಿಯಲ್ಲಿ ಎರಡು ಮೂರು ದೃಶ್ಯಗಳನ್ನು ಆರಿಸಿ, ಅವನ್ನು ಮಾತ್ರ ನಿಧಾನವಾಗಿ ಓದಿ. ದೃಶ್ಯದಲ್ಲಿ ಯಾರು ನಿಂತಿದ್ದಾರೆ, ಯಾರು ಕುಳಿತಿದ್ದಾರೆ, ಮೊದಲು ಮಾತಾಡಿದವರು ಯಾರು, ಸುಮ್ಮನಿದ್ದವರು ಯಾರು ಎಂಬುದು ನೆನಪಿನಲ್ಲಿರಲಿ. ಒಂದೇ ದೃಶ್ಯ ಎರಡು ಮೂರು ಪ್ರಶ್ನೆಗಳಿಗೆ ಒದಗುತ್ತದೆ. ಚಂದ್ರಿ ಮೈಮೇಲಿನ ಚಿನ್ನವನ್ನೆಲ್ಲ ಬಿಚ್ಚಿ ನಾರಣಪ್ಪನ ಸಂಸ್ಕಾರಕ್ಕಾಗಿ ಆಚಾರ್ಯರ ಮುಂದೆ ಇಡುವ ದೃಶ್ಯವನ್ನೇ ತೆಗೆದುಕೊಳ್ಳಿ. ಜಾತಿ, ಹೆಣ್ಣು, ಹಣ, ಧರ್ಮ ಯಾವುದನ್ನು ಕೇಳಿದರೂ ಅದು ಉತ್ತರ ಕೊಡುತ್ತದೆ, ಏಕೆಂದರೆ ಚಿನ್ನ ಕಂಡ ಕ್ಷಣದಿಂದ ಅಗ್ರಹಾರದ ಮಡಿ ಬೇರೆಯೇ ಲೆಕ್ಕ ಹಾಕತೊಡಗುತ್ತದೆ. ವಿಮರ್ಶಕರ ಉಲ್ಲೇಖಗಳನ್ನು ಬಾಯಿಪಾಠ ಮಾಡುವ ಹೊತ್ತನ್ನು ಇದಕ್ಕೆ ಕೊಡಿ. ಪರೀಕ್ಷೆಯಲ್ಲಿ ಬರೆಯುವ ಮುನ್ನ ಸ್ವಲ್ಪ ಹೊತ್ತು ಪೆನ್ನು ಕೆಳಗಿಟ್ಟು ‘ಆದರೆ’ಯನ್ನು ಹುಡುಕಿ.

ಭದ್ರಾವತಿಯ ಓದುಗ

ಕೊನೆಗಳನ್ನೂ ಒಮ್ಮೆ ಹೋಲಿಸಿ ನೋಡಿ ಎನ್ನುತ್ತೇನೆ. ‘ಸಂಸ್ಕಾರ’ ಪ್ರಾಣೇಶಾಚಾರ್ಯರನ್ನು ಊರಿಗೆ ತಲುಪಿಸುವು‌ದೇ ಇಲ್ಲ, ಗಾಡಿಯಲ್ಲಿ ಕೂರಿಸಿ ಕೈಬಿಡುತ್ತದೆ. ‘ಚೋಮನ ದುಡಿ’ಗೆ ಆ ಅನುಕೂಲ ಇಲ್ಲ, ದುಡಿಯ ಸದ್ದು ನಿಂತರೆ ಮುಗಿಯಿತು. ಮುಂದೇನು ಎಂದು ತಳಮಳಿಸುವ ಅವಕಾಶ ಯಾರಿಗಿದೆ, ಯಾರಿಗಿಲ್ಲ? ನನ್ನ ಮೊದಲ ಆಕ್ಷೇಪಕ್ಕೆ ನಾನು ಇನ್ನೂ ಅಂಟಿಕೊಂಡಿದ್ದೇನೆ ಎಂಬುದು ಇದರಿಂದ ತಿಳಿಯುತ್ತದೆ. ದಾಕ್ಷಾಯಣಿಯ ದೃಶ್ಯವನ್ನು ಮಾತ್ರ ಒಪ್ಪಿಕೊಳ್ಳುತ್ತೇನೆ.

ಹೊಸನಗರದ ವಿದ್ಯಾರ್ಥಿನಿ

ಮತ್ತೆ ಬರೆದೆ. ನೋಡಿ:

“ದೇವರ ಕೋಣೆಯಲ್ಲಿದ್ದ ಸಾಲಿಗ್ರಾಮವನ್ನು ಜಗನ್ನಾಥ ಅಂಗಳಕ್ಕೆ ತರುತ್ತಾನೆ. ಸಮಾಜ ಅದುವರೆಗೆ ಕಲ್ಲಿನೊಳಗೆ ತುಂಬಿಟ್ಟಿದ್ದ ಭಯವನ್ನು ಒಡೆಯುವುದು ಅವನ ಉದ್ದೇಶ. ಆದರೆ ಎದುರು ನಿಂತ ಹುಡುಗರು ಹೆದರಿದಾಗ ಅವನು ಅವರ ಮೇಲೆಯೇ ರೇಗುತ್ತಾನೆ, ಮತ್ತು ಅವರು ದೇವರಿಗೆ ಹೆದರಿ ಹಿಂಜರಿದಂತೆಯೇ ಅವನಿಗೆ ಹೆದರಿ ಮುಟ್ಟುತ್ತಾರೆ. ಫಣಿಯಮ್ಮನಿಗೆ ಯಾವ ಭಯವನ್ನೂ ಒಡೆಯುವ ಉದ್ದೇಶವಿಲ್ಲ. ಅವಳು ಕರೆದಲ್ಲಿಗೆ ಹೋಗುತ್ತಾಳೆ, ಬೇಕಾದ ಕೈಯನ್ನು ಕೊಡುತ್ತಾಳೆ, ಹಿಂದಿರುಗುತ್ತಾಳೆ. ಆದರೆ ಅವಳು ಹಿಂದಿರುಗಿದ್ದು ಅದೇ ಮಡಿಗೆ. ಒಬ್ಬನ ಸ್ಪರ್ಶದಲ್ಲಿ ಉದ್ದೇಶವಿದೆ, ಮುಟ್ಟಿದವರ ಒಪ್ಪಿಗೆ ಇಲ್ಲ. ಇನ್ನೊಬ್ಬಳದರಲ್ಲಿ ಒಪ್ಪಿಗೆ ಇದೆ, ಉದ್ದೇಶವಿಲ್ಲ. ನೀಲನಿಗೆ ನೀರಿನಲ್ಲಿ ಇವೆರಡರಲ್ಲಿ ಯಾವುದೂ ಸಿಗಲಿಲ್ಲ.”

ತೀರ್ಥಹಳ್ಳಿಯ ನಿವೃತ್ತ ಅಧ್ಯಾಪಕರು

ಎರಡನೆಯ ವಾಕ್ಯದ ‘ಸಮಾಜ’ವನ್ನು ತೆಗೆದು ‘ತನ್ನ ಮನೆತನ’ ಎಂದು ಬರೆಯಿರಿ. ಸಾಲಿಗ್ರಾಮ ಅವನ ಮನೆಯದೇ. ಕೊನೆಯ ವಾಕ್ಯ ಬಂದಾಗ ‘ಚೋಮನ ದುಡಿ’ಯ ಹೆಸರನ್ನು ಒಮ್ಮೆ ಹೇಳಿ, ಇಲ್ಲವಾದರೆ ನೀಲ ಯಾರೆಂದು ಪರೀಕ್ಷಕರು ಹಿಂದಿನ ಪುಟ ತಿರುವಬೇಕಾಗುತ್ತದೆ. ಮುಂದಿನ ಪ್ಯಾರಾವನ್ನು ದಾಕ್ಷಾಯಣಿಯಿಂದ ಶುರುಮಾಡಿ ಕಳುಹಿಸಿ.